ವರ್ಚುವಲ್ ಟೂರ್‌ನಲ್ಲಿ 360 ಡಿಗ್ರಿ ಚಿತ್ರ ಕೈಕೊಟ್ಟಾಗ: ದೋಷದ ಮೂಲ ಹುಡುಕುವ ಬಗೆ

ಪುಟ ತೆರೆದರೆ ಬರೀ ಕಪ್ಪು ಪರದೆ. ಅಥವಾ ಚಿತ್ರ ಬಂದಿದೆ, ಆದರೆ ನೆಲ ವಾಲಿದೆ. ಗೋಡೆಯ ಮೇಲೆ ಎಲ್ಲೂ ಇಲ್ಲದ ಗೆರೆಯೊಂದು ಎದ್ದಿದೆ. ಮುಂದಿನ ಕೋಣೆಗೆ ಒಯ್ಯಲು ಬಾಗಿಲ ಮೇಲೆ ಕೂರಬೇಕಾದ ಬಾಣ ಕಿಟಕಿಯ ಮೇಲೆ ಕುಳಿತಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ವ್ಯೂವರ್‌ನ, ಅಂದರೆ ಪುಟದಲ್ಲಿ 360 ಡಿಗ್ರಿ ಚಿತ್ರ ತೋರಿಸುವ ತಂತ್ರಾಂಶದ, ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ತಿರುವತೊಡಗುತ್ತಾರೆ. ಅರ್ಧ ಗಂಟೆಯಲ್ಲಿ ಮೂಲ ದೋಷದ ಜೊತೆಗೆ ಹೊಸ ದೋಷಗಳೂ ಸೇರಿಕೊಂಡು, ಯಾವುದರಿಂದ ಏನಾಯಿತೆಂದು ತಿಳಿಯದಂತಾಗುತ್ತದೆ.

360 ಡಿಗ್ರಿ ಚಿತ್ರ ನೋಡುಗರ ಕಣ್ಣಿಗೆ ತಲುಪುವ ಮೊದಲು ನಾಲ್ಕು ಕೈ ದಾಟುತ್ತದೆ. ಮೊದಲನೆಯದು ಚಿತ್ರದ ಫೈಲ್. ಎರಡನೆಯದು ಅದನ್ನು ಕಳುಹಿಸುವ ಸರ್ವರ್. ಮೂರನೆಯದು ಅದನ್ನು ನೋಡುಗರ ಸುತ್ತಲಿನ ಕಾಲ್ಪನಿಕ ಗೋಳಕ್ಕೆ ಹೊದಿಸಿ ತೋರಿಸುವ ಬ್ರೌಸರ್ ಮತ್ತು ಸಾಧನದ ಗ್ರಾಫಿಕ್ಸ್ ಚಿಪ್. ನಾಲ್ಕನೆಯದು ಎಲ್ಲಿಗೆ ನೋಡಬೇಕು, ಎಷ್ಟು ಅಗಲ ಕಾಣಬೇಕು ಎಂದು ಹೇಳುವ ವ್ಯೂವರ್‌ನ ಸಂರಚನೆ, ಅಂದರೆ ಅದರ ಸೆಟ್ಟಿಂಗ್‌ಗಳ ಪಟ್ಟಿ. ಪ್ಯಾನೆಲ್ಲಮ್, ಮಾರ್ಜಿಪಾನೊ, ಫೋಟೊ ಸ್ಫಿಯರ್ ವ್ಯೂವರ್ ಎಂಬ ಸಿದ್ಧ ವ್ಯೂವರ್‌ಗಳು, ಥ್ರೀ ಜೆಎಸ್ ಎಂಬ 3ಡಿ ಲೈಬ್ರರಿಯಲ್ಲಿ ನೇರವಾಗಿ ಬರೆದ ಕೋಡ್, ಯಾವುದನ್ನು ಬಳಸಿದರೂ ಈ ದಾರಿ ಬದಲಾಗದು. ಕಪ್ಪು ಪರದೆಗೆ ನಾಲ್ಕರಲ್ಲಿ ಯಾವುದಾದರೂ ಕಾರಣವಾಗಬಹುದು. ಆದ್ದರಿಂದ ದೋಷ ಯಾವ ಕೈಯಲ್ಲಿದೆ ಎಂದು ಗೊತ್ತಾಗುವವರೆಗೆ ಒಂದೇ ಒಂದು ಸೆಟ್ಟಿಂಗ್ ಅನ್ನೂ ಮುಟ್ಟಬೇಡಿ.

ಮೊದಲು ಒಂದು ಅಳತೆ ಚಿತ್ರ ಮಾಡಿಕೊಳ್ಳಿ

ಈ ಕೆಲಸಕ್ಕೆ ಇದಕ್ಕಿಂತ ಉಪಯುಕ್ತ ಸಾಧನ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಯಾವುದಾದರೂ ಚಿತ್ರ ಸಂಪಾದನೆ ತಂತ್ರಾಂಶದಲ್ಲಿ 3600 ಪಿಕ್ಸೆಲ್ ಅಗಲ, 1800 ಪಿಕ್ಸೆಲ್ ಎತ್ತರದ ಖಾಲಿ ಹಾಳೆ ತೆರೆಯಿರಿ. ಈ ಅಳತೆಯಲ್ಲಿ ಒಂದು ಡಿಗ್ರಿಗೆ ಸರಿಯಾಗಿ 10 ಪಿಕ್ಸೆಲ್ ಬರುತ್ತದೆ, ಲೆಕ್ಕಕ್ಕೆ ಕಾಗದವೇ ಬೇಡ. ಪ್ರತಿ 300 ಪಿಕ್ಸೆಲ್‌ಗೆ, ಅಂದರೆ 30 ಡಿಗ್ರಿಗೆ ಒಂದರಂತೆ, ಅಡ್ಡ ಮತ್ತು ಉದ್ದ ಗೆರೆಗಳನ್ನು ಎಳೆಯಿರಿ. ನಟ್ಟನಡುವಿನ ಉದ್ದ ಗೆರೆಗೆ 0 ಎಂದು, ಬಲಕ್ಕೆ 30, 60, 90 ಎಂದು 180ರವರೆಗೆ, ಎಡಕ್ಕೆ ಅದೇ ಅಂಕಿಗಳನ್ನು ಋಣ ಚಿಹ್ನೆಯೊಂದಿಗೆ ಬರೆಯಿರಿ. ಎತ್ತರದ ನಡುವೆ ಹಾಯುವ ಅಡ್ಡ ಗೆರೆಯೇ ಕ್ಷಿತಿಜ. ಅದನ್ನು ದಪ್ಪಗೆ ಎಳೆದು ಮೇಲ್ಭಾಗಕ್ಕೊಂದು ಬಣ್ಣ, ಕೆಳಭಾಗಕ್ಕೊಂದು ಬಣ್ಣ ತುಂಬಿ. ಮುಂದೆ, ಹಿಂದೆ, ಎಡ, ಬಲ ಎಂಬ ಪದಗಳನ್ನು ಆಯಾ ಜಾಗದಲ್ಲಿ ದೊಡ್ಡದಾಗಿ ಬರೆಯಿರಿ.

ಈಗ ತೊಂದರೆ ಕೊಡುತ್ತಿರುವ ದೃಶ್ಯದ ಚಿತ್ರವಿದ್ದ ಫೋಲ್ಡರ್‌ನಲ್ಲೇ ಇದನ್ನು ಇಟ್ಟು, ಸಂರಚನೆಯಲ್ಲಿ ಫೈಲ್ ಹೆಸರನ್ನಷ್ಟೇ ಬದಲಿಸಿ. ಬೇರೇನನ್ನೂ ಬದಲಿಸಬೇಡಿ.

ಅಳತೆ ಚಿತ್ರ ಸರಿಯಾಗಿ ಕಂಡರೆ ಪುಟ, ವ್ಯೂವರ್, ಸರ್ವರ್ ಮೂರೂ ಹೆಚ್ಚುಕಡಿಮೆ ಆರೋಗ್ಯವಾಗಿವೆ, ದೋಷ ನಿಮ್ಮ ಮೂಲ ಚಿತ್ರದ ಒಳಗೋ ಅದರ ಗಾತ್ರದಲ್ಲೋ ಇದೆ. ಅಳತೆ ಚಿತ್ರವೂ ಬಾರದಿದ್ದರೆ ಕ್ಯಾಮೆರಾ, ಸ್ಟಿಚಿಂಗ್ (ಬೇರೆ ಬೇರೆ ಚಿತ್ರಗಳನ್ನು ಹೊಲಿದು ಒಂದಾಗಿಸುವುದು) ಇತ್ಯಾದಿಗಳ ಮೇಲೆ ಅನುಮಾನಪಡುವುದನ್ನು ಬಿಟ್ಟುಬಿಡಿ. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಮಗುಚಿದ್ದರೆ ಗೋಳದ ಒಳಮೈಯನ್ನು ತೋರಿಸಬೇಕಾದ ಕೋಡ್ ಹೊರಮೈಯ ಚಿತ್ರವನ್ನೇ ಒಳಗಿನಿಂದ ತೋರಿಸುತ್ತಿದೆ. ಥ್ರೀ ಜೆಎಸ್‌ನಲ್ಲಿ ಸ್ವತಃ ಕೋಡ್ ಬರೆದವರಿಗೆ ಇದು ಆಗಾಗ ಎದುರಾಗುತ್ತದೆ. ಗೋಳದ ಜ್ಯಾಮಿತಿಯನ್ನು ಒಂದು ಅಕ್ಷದಲ್ಲಿ ಋಣ ಒಂದರಿಂದ ಗುಣಿಸಿದರೆ ಅಕ್ಷರ ನೇರವಾಗುತ್ತದೆ. ಬರಹವೇ ಇಲ್ಲದ ಕೋಣೆಯ ಚಿತ್ರದಲ್ಲಿ ಈ ದೋಷ ಬಹಳ ದಿನ ಕಣ್ಣಿಗೆ ಬೀಳದೆ ಉಳಿಯಬಹುದು. ಅಳತೆ ಚಿತ್ರದಲ್ಲಿ ಪದಗಳನ್ನು ಬರೆಯಲು ಹೇಳಿದ್ದು ಅದಕ್ಕಾಗಿಯೇ.

ಏನೂ ಕಾಣುತ್ತಿಲ್ಲ

ಎಫ್12 ಒತ್ತಿ ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆಯಿರಿ. ಕನ್ಸೋಲ್ ಮತ್ತು ನೆಟ್‌ವರ್ಕ್ ಎಂಬ ಎರಡು ಟ್ಯಾಬ್ ಸಾಕು. ಪುಟವನ್ನು ಮತ್ತೆ ಲೋಡ್ ಮಾಡಿ, ನೆಟ್‌ವರ್ಕ್ ಪಟ್ಟಿಯಲ್ಲಿ ನಿಮ್ಮ ಚಿತ್ರದ ಸಾಲನ್ನು ಹುಡುಕಿ.

ಆ ಸಾಲೇ ಇಲ್ಲದಿದ್ದರೆ ವ್ಯೂವರ್ ಚಿತ್ರವನ್ನು ಕೇಳಿಯೇ ಇಲ್ಲ. ಜೇಸನ್ ಎಂಬ ಪಠ್ಯ ರೂಪದಲ್ಲಿ ಬರೆದ ಸಂರಚನೆಯಲ್ಲಿ ಕೊನೆಯ ಅಂಶದ ನಂತರ ಉಳಿದ ಒಂದು ಅಲ್ಪವಿರಾಮ ಇದಕ್ಕೆ ಸಾಕು. ಸಾಮಾನ್ಯವಾಗಿ ಕನ್ಸೋಲ್‌ನಲ್ಲಿ ತಪ್ಪಿನ ಜಾಗ ಸೂಚಿಸುವ ಕೆಂಪು ಸಂದೇಶ ಇರುತ್ತದೆ.

ಸಾಲು ಇದ್ದು 404 (ಫೈಲ್ ಸಿಗಲಿಲ್ಲ) ಎಂದು ತೋರಿಸಿದರೆ ವಿಳಾಸ ತಪ್ಪು. ನಿಮ್ಮ ಗಣಕದಲ್ಲಿ ಸರಿಯಾಗಿದ್ದು ಸರ್ವರ್‌ಗೆ ಹಾಕಿದ ಮೇಲೆ ಮಾತ್ರ 404 ಬರುತ್ತಿದ್ದರೆ ಫೈಲ್ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ನೋಡಿ. ವಿಂಡೋಸ್ ಇವೆರಡರ ನಡುವೆ ಭೇದ ಮಾಡುವುದಿಲ್ಲ, ಲಿನಕ್ಸ್ ಸರ್ವರ್ ಮಾಡುತ್ತದೆ. ಕ್ಯಾಮೆರಾಗಳು ಫೈಲಿನ ಕೊನೆಯ ಜೆಪಿಜಿ ಎಂಬುದನ್ನು ದೊಡ್ಡಕ್ಷರದಲ್ಲಿ ಬರೆಯುವುದು ಸಾಮಾನ್ಯ, ನಾವು ಸಂರಚನೆಯಲ್ಲಿ ಚಿಕ್ಕಕ್ಷರದಲ್ಲಿ ಬರೆಯುತ್ತೇವೆ. ಫೈಲ್ ಹೆಸರಿನಲ್ಲಿ ಖಾಲಿ ಜಾಗ ಬಿಡುವುದನ್ನೂ ತಪ್ಪಿಸಿ.

200 (ಫೈಲ್ ಸರಿಯಾಗಿ ಬಂತು) ಎಂದು ಬಂದಿದೆ, ಕನ್ಸೋಲ್ ಶುಭ್ರವಾಗಿದೆ, ಆದರೂ ಏನೂ ಇಲ್ಲ ಎಂದಾದರೆ ವ್ಯೂವರ್ ಕುಳಿತಿರುವ ಪೆಟ್ಟಿಗೆಯ ಎತ್ತರ ಪರೀಕ್ಷಿಸಿ. ಎತ್ತರವನ್ನು ಶೇಕಡಾ 100 ಎಂದು ಕೊಟ್ಟು, ಅದರ ಮೇಲಿನ ಪೆಟ್ಟಿಗೆಗೆ ಎತ್ತರವನ್ನೇ ಕೊಡದಿದ್ದರೆ ಒಟ್ಟು ಎತ್ತರ ಸೊನ್ನೆ. ಆರಂಭದಲ್ಲಿ ಮರೆಯಾಗಿರುವ ಟ್ಯಾಬ್ ಅಥವಾ ಪಾಪ್‌ಅಪ್ ಒಳಗೆ ವ್ಯೂವರ್ ಇಟ್ಟಾಗಲೂ ಹೀಗೆಯೇ. ಅದು ಹುಟ್ಟಿದ ಗಳಿಗೆಯಲ್ಲಿ ಪೆಟ್ಟಿಗೆಗೆ ಗಾತ್ರವೇ ಇರಲಿಲ್ಲ. ಟ್ಯಾಬ್ ತೆರೆದ ನಂತರ ವ್ಯೂವರ್ ಅನ್ನು ಹುಟ್ಟುಹಾಕಿ, ಇಲ್ಲವೇ ಅದರ ರಿಸೈಜ್ ಕಾರ್ಯವನ್ನು ಕರೆಯಿರಿ. ಬ್ರೌಸರ್ ಕಿಟಕಿಯ ಅಂಚನ್ನು ಹಿಡಿದು ಸ್ವಲ್ಪ ಎಳೆದ ಕೂಡಲೇ ಚಿತ್ರ ಪ್ರತ್ಯಕ್ಷವಾದರೆ ಕಾರಣ ಇದೇ.

ಎಚ್‌ಟಿಎಮ್‌ಎಲ್ ಫೈಲನ್ನು ಗಣಕದ ಫೋಲ್ಡರ್‌ನಿಂದ ನೇರವಾಗಿ ಎರಡು ಬಾರಿ ಕ್ಲಿಕ್ಕಿಸಿ ತೆರೆದರೆ ಬಹುತೇಕ ಬ್ರೌಸರ್‌ಗಳಲ್ಲಿ ಪನೋರಮಾ ಬರುವುದಿಲ್ಲ. ಭದ್ರತೆಯ ದೃಷ್ಟಿಯಿಂದ ಬ್ರೌಸರ್ ಅಂಥ ಫೈಲ್‌ಗಳನ್ನು ವೆಬ್‌ಜಿಎಲ್‌ಗೆ, ಅಂದರೆ ಪುಟದಿಂದ ಗ್ರಾಫಿಕ್ಸ್ ಚಿಪ್ ಬಳಸುವ ತನ್ನ ವ್ಯವಸ್ಥೆಗೆ, ಒಪ್ಪಿಸದು. ಪೈಥಾನ್ ಇದ್ದರೆ ಅದರ ಜೊತೆಗೇ ಬರುವ ಸಣ್ಣ ವೆಬ್ ಸರ್ವರ್ ಅನ್ನು ಆ ಫೋಲ್ಡರ್‌ನಲ್ಲಿ ಓಡಿಸಿ, ಲೋಕಲ್‌ಹೋಸ್ಟ್ ವಿಳಾಸದಿಂದ ನೋಡಿ. ಇನ್ನು, ಪುಟ ಎಚ್‌ಟಿಟಿಪಿಎಸ್‌ನಲ್ಲಿದ್ದು ಚಿತ್ರದ ವಿಳಾಸ ಬರೀ ಎಚ್‌ಟಿಟಿಪಿ ಆಗಿದ್ದರೂ ಬ್ರೌಸರ್ ಅಡ್ಡಗಾಲು ಹಾಕುತ್ತದೆ.

ಬೇರೆ ಡೊಮೇನ್‌ನಿಂದ ಬರುವ ಚಿತ್ರ

ಇದಕ್ಕೆ ಪ್ರತ್ಯೇಕ ಜಾಗ ಕೊಡುತ್ತಿದ್ದೇನೆ. ಏಕೆಂದರೆ ಇಷ್ಟು ಜನರ ಇಷ್ಟು ಸಮಯ ತಿನ್ನುವ ದೋಷ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ.

ಪುಟ ಒಂದು ಡೊಮೇನ್‌ನಲ್ಲಿ, ಚಿತ್ರಗಳು ಇನ್ನೊಂದು ಡೊಮೇನ್‌ನಲ್ಲಿ ಅಥವಾ ಸಿಡಿಎನ್‌ನಲ್ಲಿ (ಫೈಲ್‌ಗಳ ಪ್ರತಿಗಳನ್ನು ಹಲವೆಡೆಯಿಂದ ಹಂಚುವ ಸರ್ವರ್ ಜಾಲ) ಇದ್ದರೆ, ಚಿತ್ರ ಕಳುಹಿಸುವ ಸರ್ವರ್ ತನ್ನ ಉತ್ತರದ ತಲೆಬರಹದಲ್ಲಿ 'ಆಕ್ಸೆಸ್ ಕಂಟ್ರೋಲ್ ಅಲೋ ಒರಿಜಿನ್' ಎಂಬ ಅನುಮತಿ ಸೇರಿಸಬೇಕು. ಈ ಏರ್ಪಾಡನ್ನು ಕಾರ್ಸ್ ಎನ್ನುತ್ತಾರೆ. ಮಾಮೂಲಿ ಇಮೇಜ್ ಟ್ಯಾಗ್‌ಗೆ ಈ ಅನುಮತಿ ಬೇಡ, ವೆಬ್‌ಜಿಎಲ್‌ಗೆ ಬೇಕೇ ಬೇಕು. ಶೇಡರ್ ಕೋಡ್ (ಗ್ರಾಫಿಕ್ಸ್ ಚಿಪ್‌ನಲ್ಲಿ ಓಡುವ ಪುಟ್ಟ ಪ್ರೋಗ್ರಾಂ) ಓಡಲು ತೆಗೆದುಕೊಳ್ಳುವ ಸಮಯವನ್ನು ಅಳೆದು ಪರರ ಚಿತ್ರದ ಪಿಕ್ಸೆಲ್‌ಗಳನ್ನು ಕದಿಯಬಹುದು ಎಂದು ಗೊತ್ತಾದ ಮೇಲೆ, 2011ರಲ್ಲಿ ಬ್ರೌಸರ್‌ಗಳು ಈ ನಿಯಮವನ್ನು ಬಿಗಿ ಮಾಡಿದವು. ಹಾಗಾಗಿ ಚಿತ್ರದ ವಿಳಾಸವನ್ನು ಹೊಸ ಟ್ಯಾಬ್‌ನಲ್ಲಿ ಹಾಕಿ 'ಇಲ್ಲಿ ತೆರೆಯುತ್ತಿದೆಯಲ್ಲ' ಎಂದು ನೋಡುವುದರಿಂದ ವಿಳಾಸ ಸರಿ ಎಂದಷ್ಟೇ ತಿಳಿಯುತ್ತದೆ. ಅನುಮತಿ ಇದೆಯೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಆ ಸಾಲನ್ನು ಒತ್ತಿ, ಉತ್ತರದ ತಲೆಬರಹಗಳನ್ನು ಕಣ್ಣಾರೆ ನೋಡಬೇಕು.

ಇದರಲ್ಲೇ ಒಂದು ಕಪಟ ರೂಪವಿದೆ. ಸರ್ವರ್‌ನಲ್ಲಿ ಅನುಮತಿ ಇದೆ, ಮೊದಲ ದೃಶ್ಯ ಚೆನ್ನಾಗಿ ತೆರೆಯುತ್ತದೆ, ಕೆಳಗಿನ ಕಿರುಚಿತ್ರಗಳ ಪಟ್ಟಿಯಿಂದ ಇನ್ನೊಂದು ಕೋಣೆಗೆ ಹೋದರೆ ಕಪ್ಪು. ಹುಡುಕೋಣವೆಂದು ಡೆವಲಪರ್ ಟೂಲ್ಸ್ ತೆರೆದು 'ಕ್ಯಾಶ್ (ಬ್ರೌಸರ್ ಉಳಿಸಿಟ್ಟ ಹಳೆಯ ಪ್ರತಿ) ಬಳಸಬೇಡ' ಎಂಬ ಆಯ್ಕೆ ಹಾಕಿದೊಡನೆ ಎಲ್ಲವೂ ಸರಿಯಾಗಿಬಿಡುತ್ತದೆ! ಟೂಲ್ಸ್ ಮುಚ್ಚಿದರೆ ಮತ್ತೆ ಕಪ್ಪು. ಆಗುತ್ತಿರುವುದು ಇಷ್ಟು: ಕಿರುಚಿತ್ರಗಳ ಪಟ್ಟಿಯಲ್ಲಿ ಅದೇ ದೊಡ್ಡ ಫೈಲನ್ನೇ ಇಮೇಜ್ ಟ್ಯಾಗ್ ಮೂಲಕ ಚಿಕ್ಕದಾಗಿ ತೋರಿಸಲಾಗಿದೆ. ಆ ಟ್ಯಾಗ್ ಚಿತ್ರ ಕೇಳುವಾಗ ತಾನು ಯಾವ ಡೊಮೇನ್‌ನಿಂದ ಬಂದೆ ಎಂದು ಹೇಳುವುದಿಲ್ಲ. ಸರ್ವರ್ ಹಾಗೆ ಹೇಳಿದವರಿಗೆ ಮಾತ್ರ ಅನುಮತಿಯ ಸಾಲು ಸೇರಿಸುವಂತಿದ್ದರೆ, ಅನುಮತಿಯಿಲ್ಲದ ಪ್ರತಿ ಬ್ರೌಸರ್‌ನ ಕ್ಯಾಶ್‌ನಲ್ಲಿ ಕೂರುತ್ತದೆ. ನಂತರ ವ್ಯೂವರ್ ಅದೇ ವಿಳಾಸ ಕೇಳಿದಾಗ ಬ್ರೌಸರ್ ಆ ಹಳೆಯ ಪ್ರತಿಯನ್ನು ತೆಗೆದುಕೊಟ್ಟು, ಅದರಲ್ಲಿ ಅನುಮತಿ ಇಲ್ಲವೆಂದು ತಾನೇ ತಡೆಯುತ್ತದೆ.

ಪರಿಹಾರ ಮೂರು ಬಗೆ. ಸರ್ವರ್ ಯಾರು ಕೇಳಿದರೂ ಅನುಮತಿಯ ಸಾಲು ಕಳುಹಿಸಲಿ, ಅಥವಾ 'ವೇರಿ ಒರಿಜಿನ್' ಎಂಬ ತಲೆಬರಹವನ್ನೂ ಸೇರಿಸಲಿ. ಇಮೇಜ್ ಟ್ಯಾಗ್‌ಗೆ 'ಕ್ರಾಸ್‌ಒರಿಜಿನ್ ಅನಾನಿಮಸ್' ಗುಣ ಹಾಕಬಹುದು. ಎಲ್ಲಕ್ಕಿಂತ ಒಳ್ಳೆಯದು ಕಿರುಚಿತ್ರಕ್ಕೆ ನಿಜಕ್ಕೂ ಚಿಕ್ಕದಾದ ಬೇರೆ ಫೈಲ್ ಇಡುವುದು. ನೋಡುಗರ ಡೇಟಾ ಕೂಡ ಉಳಿಯುತ್ತದೆ.

ಗಣಕದಲ್ಲಿ ಬರುತ್ತದೆ, ಮೊಬೈಲ್‌ನಲ್ಲಿ ಬರುವುದಿಲ್ಲ

ಅಳತೆ ಚಿತ್ರವನ್ನು ಅದೇ ಮೊಬೈಲ್‌ನಲ್ಲಿ ತೆರೆಯಿರಿ. ಅದು ಬಂದು ನಿಮ್ಮ ಚಿತ್ರ ಬಾರದಿದ್ದರೆ ಗಾತ್ರವೇ ಕಾರಣವೆಂದು ಬಹುಮಟ್ಟಿಗೆ ತೀರ್ಮಾನಿಸಬಹುದು.

ಪ್ರತಿ ಗ್ರಾಫಿಕ್ಸ್ ಚಿಪ್‌ಗೂ ತಾನು ಹಿಡಿಯಬಲ್ಲ ಒಂದು ಚಿತ್ರದ ಬದಿಯ ಗರಿಷ್ಠ ಉದ್ದ ನಿಗದಿಯಾಗಿರುತ್ತದೆ. ಹಳೆಯ ಮೊಬೈಲ್‌ಗಳಲ್ಲಿ ಸಾಮಾನ್ಯವಾಗಿ 4096 ಪಿಕ್ಸೆಲ್, ಬಹಳಷ್ಟು ಸಾಧನಗಳಲ್ಲಿ 8192, ಇಂದಿನ ಡೆಸ್ಕ್‌ಟಾಪ್ ಕಾರ್ಡ್‌ಗಳಲ್ಲಿ 16384. ವೆಬ್‌ಜಿಎಲ್‌ನ 'ಮ್ಯಾಕ್ಸ್ ಟೆಕ್ಸ್ಚರ್ ಸೈಜ್' ಎಂಬ ಮೌಲ್ಯವನ್ನು ಕೇಳಿದರೆ ಆ ಸಾಧನದ ಮಿತಿ ತಿಳಿಯುತ್ತದೆ. ಚಿತ್ರ ಮಿತಿ ಮೀರಿದರೆ ಪ್ಯಾನೆಲ್ಲಮ್ ಸ್ಪಷ್ಟವಾಗಿ ಹೇಳಿ ನಿಲ್ಲುತ್ತದೆ. ಕೆಲವು ವ್ಯೂವರ್‌ಗಳು ಸದ್ದಿಲ್ಲದೆ ಚಿತ್ರವನ್ನು ಕುಗ್ಗಿಸಿ ತೋರಿಸುತ್ತವೆ. ಆಗ ದೂರು 'ಮೊಬೈಲ್‌ನಲ್ಲಿ ಮಸುಕಾಗಿದೆ' ಎಂಬ ರೂಪದಲ್ಲಿ ಬರುತ್ತದೆ.

ಇಲ್ಲಿ ಬಹಳ ಜನ ಎಡವುವುದು ಫೈಲ್ ಗಾತ್ರದ ವಿಷಯದಲ್ಲಿ. ಜೆಪೆಗ್ ಗುಣಮಟ್ಟ ಇಳಿಸಿ 12 ಎಂಬಿ ಫೈಲನ್ನು 3 ಎಂಬಿ ಮಾಡುತ್ತಾರೆ, ಆದರೂ ಮೊಬೈಲ್ ಕುಸಿಯುತ್ತದೆ. ಜೆಪೆಗ್‌ನ ಸಂಕೋಚನ ದಾರಿಯಲ್ಲಿ ಮಾತ್ರ, ಚಿಪ್‌ನ ನೆನಪಿನೊಳಗೆ ಹೋಗುವಾಗ ಚಿತ್ರ ಪೂರ್ತಿ ಬಿಚ್ಚಿಕೊಳ್ಳುತ್ತದೆ. 8192 ಗುಣಿಸು 4096 ಪಿಕ್ಸೆಲ್, ಪ್ರತಿ ಪಿಕ್ಸೆಲ್‌ಗೆ 4 ಬೈಟ್: 128 ಎಂಬಿ. ದೂರದ ನೋಟಕ್ಕಾಗಿ ಮಿಪ್‌ಮ್ಯಾಪ್ ಎಂಬ ಕಿರು ಪ್ರತಿಗಳನ್ನು ಸೇರಿಸಿದರೆ ಮೂರನೇ ಒಂದು ಭಾಗ ಇನ್ನೂ ಹೆಚ್ಚು. 16384 ಅಗಲದ ಚಿತ್ರವಾದರೆ 512 ಎಂಬಿ. 4096 ಅಗಲದ್ದು ಬರೀ 32 ಎಂಬಿ. ಗುಣಮಟ್ಟದ ಪಟ್ಟಿಯನ್ನು ಎಷ್ಟು ಎಳೆದರೂ ಈ ಅಂಕಿಗಳು ಕದಲುವುದಿಲ್ಲ, ಪಿಕ್ಸೆಲ್ ಕಡಿಮೆ ಮಾಡಿದರೆ ಮಾತ್ರ ಇಳಿಯುತ್ತವೆ.

ಹಾಗೆಂದು ಎಲ್ಲರಿಗೂ 4096 ಕೊಟ್ಟು ಕೈತೊಳೆದುಕೊಳ್ಳುವುದೂ ಸರಿಯಲ್ಲ. 4096 ಪಿಕ್ಸೆಲ್ 360 ಡಿಗ್ರಿಗೆ ಹಂಚಿದರೆ ಡಿಗ್ರಿಗೆ 11ಕ್ಕೆ ಸ್ವಲ್ಪ ಮೇಲೆ. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ 90 ಡಿಗ್ರಿ ನೋಟ ತೋರಿಸಲು ಸರಾಸರಿ ಡಿಗ್ರಿಗೆ 21 ಬೇಕು. ಅಂದರೆ ಪ್ರತಿ ಪಿಕ್ಸೆಲ್ ಎರಡು ಪಟ್ಟು ಹಿಗ್ಗುತ್ತದೆ, ಗೋಡೆಯ ಮೇಲಿನ ಬರಹ ಓದಲಾಗದು. ಚಿತ್ರವನ್ನು ಘನದ ಆರು ಮುಖಗಳಾಗಿ ಮಾಡಿ, ಪ್ರತಿ ಮುಖವನ್ನು ಹಲವು ಮಟ್ಟಗಳಲ್ಲಿ ಸಣ್ಣ ತುಣುಕುಗಳಾಗಿ ಕತ್ತರಿಸುವುದು ನೆಟ್ಟಗಿನ ದಾರಿ. ಆಗ ಸಾಧನ ತನಗೆ ಕಾಣುವ ತುಣುಕುಗಳನ್ನಷ್ಟೇ ತರಿಸಿಕೊಳ್ಳುತ್ತದೆ. ಪ್ಯಾನೆಲ್ಲಮ್ ಜೊತೆ ಬರುವ ಪೈಥಾನ್ ಸ್ಕ್ರಿಪ್ಟ್ ಇದನ್ನು ಹ್ಯೂಗಿನ್ ಎಂಬ ಪನೋರಮಾ ಹೊಲಿಯುವ ತಂತ್ರಾಂಶದ ನೋನಾ ಸಾಧನದ ನೆರವಿನಿಂದ ಮಾಡುತ್ತದೆ, ನೋನಾ ಸಿಗದಿದ್ದರೆ ಸ್ಕ್ರಿಪ್ಟ್ ನಿಲ್ಲುತ್ತದೆ. ಮುಖದ ಬದಿ ಎಷ್ಟಿರಬೇಕು ಎಂಬುದಕ್ಕೆ ಮೂಲ ಚಿತ್ರದ ಅಗಲವನ್ನು ಪೈ ಮೌಲ್ಯದಿಂದ ಭಾಗಿಸಿ. 8192ಕ್ಕೆ ಸುಮಾರು 2600.

ತುಣುಕು ಮಾಡಿದ ಮೇಲೆ ಆಕಾಶ ಮತ್ತು ನೆಲ ಮಾತ್ರ ತಿರುಗಿ ಕೂತಿದ್ದರೆ, ಆ ಎರಡು ಮುಖಗಳ ದಿಕ್ಕಿನ ಬಗ್ಗೆ ತುಣುಕು ಮಾಡಿದ ಸಾಧನಕ್ಕೂ ವ್ಯೂವರ್‌ಗೂ ಒಮ್ಮತವಿಲ್ಲ. ಅಳತೆ ಚಿತ್ರವನ್ನೂ ಅದೇ ರೀತಿ ತುಣುಕು ಮಾಡಿ ನೋಡಿದರೆ ಎಷ್ಟು ತಿರುಗಿಸಬೇಕು ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ.

ಆಕಾರ ಕೆಟ್ಟಿದೆ

ಪೂರ್ಣ ಗೋಳದ ಇಕ್ವಿರೆಕ್ಟ್ಯಾಂಗ್ಯುಲರ್ (ಗೋಳವನ್ನು ಚಪ್ಪಟೆ ಆಯತವಾಗಿ ಬಿಡಿಸಿದ) ಚಿತ್ರದ ಅಗಲ ಎತ್ತರದ ಎರಡರಷ್ಟೇ ಇರಬೇಕು, ಏಕೆಂದರೆ ಸುತ್ತ 360 ಡಿಗ್ರಿ, ಮೇಲಿನಿಂದ ಕೆಳಕ್ಕೆ 180 ಡಿಗ್ರಿ. ಫೈಲಿನ ಅಳತೆ ನೋಡಿ, ಭಾಗಿಸಿ. ಸರಿಯಾಗಿ 2 ಬಾರದಿದ್ದರೆ ದೋಷ ಸಿಕ್ಕಿತು. ಫೈಲ್ ತೆರೆದರೆ ಎರಡು ವೃತ್ತಗಳು ಕಂಡರೆ ಕ್ಯಾಮೆರಾದ ಕಚ್ಚಾ ಫೈಲನ್ನೇ ಹಾಕಿದ್ದೀರಿ, ಅದನ್ನು ಮೊದಲು ಸ್ಟಿಚ್ ಮಾಡಬೇಕು.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. 6000 ಗುಣಿಸು 3000 ಅಳತೆಯ ಚಿತ್ರದಲ್ಲಿ ಟ್ರೈಪಾಡ್ ಕಾಣುತ್ತದೆಂದು ಯಾರೋ ಕೆಳಗಿನ 400 ಪಿಕ್ಸೆಲ್ ಕತ್ತರಿಸಿದ್ದಾರೆ. ಉಳಿದದ್ದು 6000 ಗುಣಿಸು 2600. ಇದನ್ನು ಪೂರ್ಣ ಗೋಳವೆಂದು ವ್ಯೂವರ್‌ಗೆ ಕೊಟ್ಟರೆ ಅದು ಎತ್ತರವನ್ನು ಹಿಗ್ಗಿಸಿ ಹೊದಿಸುತ್ತದೆ. ಕ್ಷಿತಿಜ ಕಣ್ಣಿನ ಮಟ್ಟಕ್ಕಿಂತ ಕೆಳಗಿಳಿಯುತ್ತದೆ, ಕೋಣೆಯ ಮೇಜುಗಳು ನೀಳವಾಗುತ್ತವೆ, ನೋಟ ತಿರುಗಿಸಿದಂತೆ ನೇರ ಅಂಚುಗಳು ಬಾಗುತ್ತವೆ. ಲೆಕ್ಕ ಹೀಗೆ: 360 ಡಿಗ್ರಿಗೆ 6000 ಪಿಕ್ಸೆಲ್ ಆದರೆ 2600 ಪಿಕ್ಸೆಲ್ ಎಂದರೆ 156 ಡಿಗ್ರಿ. ಮೇಲೆ 90ರಿಂದ ಕೆಳಗೆ 66ರವರೆಗೆ ಚಿತ್ರವಿದೆ, ಅದರ ನಡುಬಿಂದು ಕ್ಷಿತಿಜಕ್ಕಿಂತ 12 ಡಿಗ್ರಿ ಮೇಲಿದೆ. ಪ್ಯಾನೆಲ್ಲಮ್‌ನಲ್ಲಿ ಲಂಬ ವ್ಯಾಪ್ತಿಯ 'ವಿಎಒವಿ'ಗೆ 156, ನಡುಬಿಂದುವಿನ ಸರಿತ ಹೇಳುವ 'ವಿಆಫ್‌ಸೆಟ್'ಗೆ 12 ಕೊಟ್ಟರೆ ಎಲ್ಲವೂ ತನ್ನ ಜಾಗಕ್ಕೆ ಬರುತ್ತದೆ. ಅಥವಾ ಕತ್ತರಿಸಿದ ಜಾಗಕ್ಕೆ 400 ಪಿಕ್ಸೆಲ್ ಯಾವುದಾದರೂ ಬಣ್ಣ ತುಂಬಿ ಮತ್ತೆ 3000 ಮಾಡಿ. ಚಿತ್ರವನ್ನು ಎಳೆದು ಎರಡರ ಪ್ರಮಾಣಕ್ಕೆ ತರುವುದು ಮಾತ್ರ ಬೇಡ. ಅದರಿಂದ ಪ್ರಮಾಣ ಸರಿಯಾಗುತ್ತದೆ, ಆಕಾರ ಕೆಟ್ಟೇ ಇರುತ್ತದೆ, ಮುಂದೆ ನೋಡುವವರಿಗೆ ಕಾರಣವೂ ಸಿಗುವುದಿಲ್ಲ.

ಈ ವ್ಯಾಪ್ತಿಯ ಮಾಹಿತಿಯನ್ನು ಅನೇಕ ಕ್ಯಾಮೆರಾಗಳು, ಸ್ಟಿಚಿಂಗ್ ತಂತ್ರಾಂಶಗಳು ಫೈಲಿನೊಳಗೆ ಜಿಪಾನೊ ಎಂಬ ಎಕ್ಸ್‌ಎಂಪಿ ಟಿಪ್ಪಣಿಯಾಗಿ (ಚಿತ್ರದಲ್ಲಿ ಕಾಣದ, ಫೈಲಿನೊಳಗಿನ ಮಾಹಿತಿ) ಬರೆದಿಡುತ್ತವೆ, ಕೆಲವು ವ್ಯೂವರ್‌ಗಳು ಅದನ್ನು ತಾವಾಗಿ ಓದುತ್ತವೆ. ಸಂಪಾದನೆ ತಂತ್ರಾಂಶದಲ್ಲಿ 'ವೆಬ್‌ಗಾಗಿ ಉಳಿಸು' ಎಂದಾಗ ಆ ಟಿಪ್ಪಣಿ ಅಳಿಸಿಹೋಗಬಹುದು. ಇನ್ನೊಂದು ಬಗೆಯಲ್ಲಿ, ಚಿತ್ರವನ್ನು ಕುಗ್ಗಿಸಿದರೂ ಟಿಪ್ಪಣಿಯಲ್ಲಿ ಹಳೆಯ ಅಳತೆಯೇ ಉಳಿಯಬಹುದು. ಮೂಲ ಫೈಲ್ ಸರಿಯಾಗಿ ಕಂಡು, ತಿದ್ದಿದ ಫೈಲ್ ಕೆಟ್ಟರೆ ಇಂಥ ಮಾಹಿತಿ ಓದುವ ಎಕ್ಸಿಫ್‌ಟೂಲ್‌ನಿಂದ ಎರಡರ ಟಿಪ್ಪಣಿಗಳನ್ನೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿ.

ನೆಲ ವಾಲಿದೆ

ಒಂದು ಕಡೆ ತಿರುಗಿದರೆ ಕ್ಷಿತಿಜ ಮೇಲೆ, ಎದುರು ಕಡೆ ತಿರುಗಿದರೆ ಅಷ್ಟೇ ಕೆಳಗೆ. ಚಪ್ಪಟೆ ಫೈಲ್ ತೆರೆದು ನೋಡಿದರೆ ಕ್ಷಿತಿಜ ಅಲೆಯಂತೆ ಏರಿಳಿಯುತ್ತದೆ. ಕ್ಯಾಮೆರಾ ಓರೆಯಾಗಿ ನಿಂತಿತ್ತು. ಇದನ್ನು ಸಾಮಾನ್ಯ ಸಂಪಾದನೆಯಲ್ಲಿ ಚಿತ್ರ ತಿರುಗಿಸಿ ಸರಿಪಡಿಸಲಾಗದು, ಏಕೆಂದರೆ ತಿರುಗಬೇಕಾದದ್ದು ಹಾಳೆಯಲ್ಲ, ಗೋಳ. ಹ್ಯೂಗಿನ್‌ನಲ್ಲಿ ಕಂಬ, ಬಾಗಿಲ ಚೌಕಟ್ಟುಗಳಂಥ ನಿಜವಾಗಿ ನೆಟ್ಟಗಿರುವ ಗೆರೆಗಳನ್ನು ಲಂಬ ಗೆರೆಗಳೆಂದು ಗುರುತಿಸಿ ಹೊಂದಿಸಿದರೆ ನೇರವಾಗುತ್ತದೆ. ನಾಲ್ಕೂ ದಿಕ್ಕುಗಳಲ್ಲಿ ಗೆರೆ ಗುರುತಿಸಿ, ಒಂದೇ ಗೋಡೆಯ ಮೇಲೆ ಅಲ್ಲ. ತುರ್ತಿದ್ದರೆ ಪ್ಯಾನೆಲ್ಲಮ್‌ನ ಹೊರೈಜನ್‌ಪಿಚ್, ಹೊರೈಜನ್‌ರೋಲ್, ಫೋಟೊ ಸ್ಫಿಯರ್ ವ್ಯೂವರ್‌ನ ಸ್ಫಿಯರ್ ಕರೆಕ್ಷನ್ ಇವೆ. ಆದರೆ ಫೈಲನ್ನೇ ಸರಿಪಡಿಸುವುದು ಮೇಲು. ಟೂರ್ ನೋಡುವವರು ಆ ಜಾಗದಲ್ಲಿ ತಾವೇ ನಿಂತಂತೆ ನೋಡಲು ಬರುತ್ತಾರೆ. ಕಾಲ ಕೆಳಗಿನ ನೆಲ ವಾಲಿದರೆ ಹೆಡ್‌ಸೆಟ್ ಹಾಕಿದವರಿಗೆ ತಲೆಯೂ ಸುತ್ತಬಹುದು.

ಅಳತೆ ಚಿತ್ರದ ಕ್ಷಿತಿಜವೂ ವಾಲಿದ್ದರೆ ಯಾವುದೋ ಹಳೆಯ ತಿದ್ದುಪಡಿಯ ಅಂಕಿ ಸಂರಚನೆಯಲ್ಲಿ ಉಳಿದುಕೊಂಡಿದೆ.

ಗೋಡೆಯ ಮೇಲಿನ ಗೆರೆ

ಗೆರೆ ಎಲ್ಲಿದೆ ಎಂಬುದೇ ಅದರ ಕಾರಣವನ್ನು ಹೇಳುತ್ತದೆ. ಚಿತ್ರದ ಎಡ ಅಂಚು ಬಲ ಅಂಚಿಗೆ ಸೇರುವ ಜಾಗದಲ್ಲಿ, ಅಂದರೆ 180 ಡಿಗ್ರಿಯಲ್ಲಿ, ನೆತ್ತಿಯಿಂದ ಅಡಿಯವರೆಗೆ ಒಂದೇ ಗೆರೆಯಿದ್ದರೆ ಅಂಚುಗಳ ಮೇಲೆ ಸಂಪಾದನೆಯ ಕೈ ಬಿದ್ದಿದೆ. ಹರಿತಗೊಳಿಸುವುದು, ಮಬ್ಬುಗೊಳಿಸುವುದು, ಚಿತ್ರದ ಕಾಳುಕಾಳು (ನಾಯ್ಸ್) ತೆಗೆಯುವುದು, ಇವೆಲ್ಲ ಅಕ್ಕಪಕ್ಕದ ಪಿಕ್ಸೆಲ್ ನೋಡಿ ಕೆಲಸ ಮಾಡುತ್ತವೆ. ಎಡ ಅಂಚಿನ ನೆರೆಯವನು ಬಲ ಅಂಚಿನಲ್ಲಿದ್ದಾನೆ ಎಂಬುದು ಆ ತಂತ್ರಾಂಶಕ್ಕೆ ತಿಳಿಯದು. ಚಿತ್ರವನ್ನು ಆಫ್‌ಸೆಟ್ ಫಿಲ್ಟರ್‌ನಿಂದ ಅಡ್ಡಲಾಗಿ ಅರ್ಧದಷ್ಟು, 8192 ಅಗಲವಿದ್ದರೆ ಸರಿಯಾಗಿ 4096, ಸುತ್ತಿ ಸರಿಸಿ. ಹೊಲಿಗೆ ನಟ್ಟನಡುವೆ ಬಂದು ಕಣ್ಣಿಗೆ ರಾಚುತ್ತದೆ. ಅಲ್ಲಿ ಕೈಯಿಂದ ತಿದ್ದಿ ಮತ್ತೆ ಅಷ್ಟೇ ಸರಿಸಿ. ಮುಂದಿನ ಸಲ ಫಿಲ್ಟರ್ ಹಾಕುವ ಮೊದಲೇ ಎರಡೂ ಅಂಚುಗಳಿಗೆ ಎದುರಂಚಿನ ಒಂದಷ್ಟು ಪಟ್ಟಿಯನ್ನು ಅಂಟಿಸಿ, ಫಿಲ್ಟರ್ ಮುಗಿದ ಮೇಲೆ ಕತ್ತರಿಸಿ.

ಅಳತೆ ಚಿತ್ರದಲ್ಲೂ ಅದೇ ಜಾಗದಲ್ಲಿ ನೀವು ಎಳೆಯದ ಕೂದಲೆಳೆಯಂಥ ಗೆರೆ ಕಂಡರೆ ಚಿತ್ರಕ್ಕೆ ಸಂಬಂಧವಿಲ್ಲ. ಗೋಳಕ್ಕೆ ಹೊದಿಸುವ ಶೇಡರ್ ಆ ಹೊಲಿಗೆಯಲ್ಲಿ ತಪ್ಪು ಮಿಪ್‌ಮ್ಯಾಪ್ ಆರಿಸಿಕೊಳ್ಳುತ್ತಿದೆ. ಮಿಪ್‌ಮ್ಯಾಪ್ ನಿಲ್ಲಿಸಿ ನೋಡಿ.

ಗೆರೆ ಪೂರ್ತಿ ಇಲ್ಲ, ಹತ್ತಿರದ ಕುರ್ಚಿಯ ಕಾಲು ಮುರಿದಂತೆ ಕಾಣುತ್ತದೆ, ದೂರದ ಗೋಡೆ ಚೆನ್ನಾಗಿದೆ ಎಂದರೆ ಅದು ಪ್ಯಾರಲಾಕ್ಸ್, ಅಂದರೆ ನೋಡುವ ಬಿಂದು ಸರಿದಾಗ ಹತ್ತಿರದ ವಸ್ತು ದೂರದ್ದಕ್ಕಿಂತ ಹೆಚ್ಚು ಸರಿದಂತೆ ಕಾಣುವುದು. ಚಿತ್ರ ತೆಗೆಯುವಾಗ ಕ್ಯಾಮೆರಾ ಲೆನ್ಸ್‌ನ ಪ್ರವೇಶದ್ವಾರದ ಬಿಂದುವಿನ ಸುತ್ತ ತಿರುಗಲಿಲ್ಲ. ಎರಡು ಲೆನ್ಸ್‌ನ ಕ್ಯಾಮೆರಾ ಆದರೆ ಆ ಕುರ್ಚಿ ಎರಡೂ ಲೆನ್ಸ್‌ಗಳು ಸೇರುವ ದಿಕ್ಕಿನಲ್ಲಿ ತೀರಾ ಹತ್ತಿರವಿತ್ತು. ವೆಬ್ ಕಡೆಯಿಂದ ಇದಕ್ಕೆ ಮದ್ದಿಲ್ಲ. ಮತ್ತೆ ತೆಗೆಯುವಾಗ ಆ ದಿಕ್ಕನ್ನು ಖಾಲಿ ಜಾಗದತ್ತ ತಿರುಗಿಸಿ ಇಡಿ.

ಬಾಣ ತಪ್ಪಿದ ಜಾಗದಲ್ಲಿದೆ

ಬಾಣದಂಥ ಒತ್ತುವ ಗುರುತುಗಳನ್ನು, ಅಂದರೆ ಹಾಟ್‌ಸ್ಪಾಟ್‌ಗಳನ್ನು, 'ಯಾ' ಎಂಬ ಸುತ್ತುಕೋನ ಮತ್ತು 'ಪಿಚ್' ಎಂಬ ಏರುಕೋನದಿಂದ ಕೂರಿಸುತ್ತೇವೆ. ಒಂದೊಂದನ್ನೂ ಸರಿಸುವ ಮೊದಲು ಎಲ್ಲವೂ ಯಾವ ರೀತಿ ತಪ್ಪಿವೆ ಎಂದು ನೋಡಿ. ಎಲ್ಲ ಬಾಣಗಳೂ ಒಂದೇ ದಿಕ್ಕಿಗೆ ಒಂದೇ ಅಳತೆ ಸರಿದಿದ್ದರೆ ಚಿತ್ರವನ್ನು ಮತ್ತೆ ರಫ್ತು ಮಾಡುವಾಗ ಅದರ ಸೊನ್ನೆಯ ದಿಕ್ಕು ಬದಲಾಗಿದೆ. ಒಂದು ಬಾಣದ ವ್ಯತ್ಯಾಸ ಅಳೆದು ಎಲ್ಲಕ್ಕೂ ಅದನ್ನೇ ಕೂಡಿಸಿ. ಕ್ಷಿತಿಜದ ಬಳಿ ಸರಿಯಿದ್ದು ಮೇಲೆ ಕೆಳಗೆ ಹೋದಂತೆ ತಪ್ಪು ಬೆಳೆದರೆ ಲಂಬ ವ್ಯಾಪ್ತಿ ತಪ್ಪಾಗಿದೆ, ಆಕಾರದ ಭಾಗಕ್ಕೆ ಹಿಂತಿರುಗಿ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿದ್ದರೆ ಚಿಹ್ನೆ ತಿರುವುಮುರುವು. ಎಲ್ಲವೂ ಸೊನ್ನೆಯ ಸುತ್ತ ಗುಂಪುಗೂಡಿದ್ದರೆ ಅಥವಾ ಚೆಲ್ಲಾಪಿಲ್ಲಿಯಾಗಿದ್ದರೆ ಒಂದು ಕಡೆ ಡಿಗ್ರಿ, ಇನ್ನೊಂದು ಕಡೆ ರೇಡಿಯನ್ (ಕೋನದ ಇನ್ನೊಂದು ಮಾನ) ಬಳಕೆಯಾಗಿದೆ. ಮಾರ್ಜಿಪಾನೊ ರೇಡಿಯನ್ ಕೇಳುತ್ತದೆ, ಪ್ಯಾನೆಲ್ಲಮ್ ಡಿಗ್ರಿ.

ಪ್ಯಾನೆಲ್ಲಮ್‌ನಲ್ಲಿ ಹಾಟ್‌ಸ್ಪಾಟ್ ಡೀಬಗ್ ಆಯ್ಕೆ ಹಾಕಿದರೆ ಕ್ಲಿಕ್ಕಿಸಿದ ಜಾಗದ ಎರಡೂ ಕೋನಗಳು ಕನ್ಸೋಲ್‌ನಲ್ಲಿ ಬರುತ್ತವೆ. ಊಹಿಸಿ ಬರೆಯಬೇಕಾಗಿಲ್ಲ.

ನಿಂತಾಗ ಸರಿ, ನೋಟ ಎಳೆಯುವಾಗ ಮಾತ್ರ ಬಾಣ ಹಿಂದೆ ಉಳಿದು ತೇಲಿ ಬಂದರೆ ತಾಣದ ಥೀಮ್‌ನ ಸಿಎಸ್‌ಎಸ್ (ಪುಟದ ರೂಪ ನಿರ್ಧರಿಸುವ ನಿಯಮಗಳು) ನೋಡಿ. ಎಲ್ಲ ಕೊಂಡಿಗಳಿಗೂ ಅನ್ವಯವಾಗುವ ಟ್ರಾನ್ಸಿಷನ್ ನಿಯಮವೊಂದು ಬಾಣಕ್ಕೂ ತಗುಲಿಕೊಂಡಿರುತ್ತದೆ. ಬಾಣ ಒತ್ತಿ ಇನ್ನೊಂದು ಕೋಣೆಗೆ ಹೋದಾಗ ಮುಖ ಗೋಡೆಗೆ ತಿರುಗಿದ್ದರೆ ಗುರಿ ದೃಶ್ಯದ ಆರಂಭಿಕ ಕೋನ ಕೊಟ್ಟಿಲ್ಲ. ನಡೆಯುತ್ತಿದ್ದ ದಿಕ್ಕಿಗೇ ಮುಖವಿರುವಂತೆ ಅದನ್ನು ಹೊಂದಿಸಿ. ಕೋಣೆಯಿಂದ ಕೋಣೆಗೆ ಹೋಗುವವರು ದಾರಿ ತಪ್ಪುವುದು ಇಲ್ಲಿಯೇ.

ಉಳಿದವು

ಐಫೋನ್, ಐಪ್ಯಾಡ್‌ನಲ್ಲಿ ಸಾಧನ ತಿರುಗಿಸಿದರೆ ನೋಟ ತಿರುಗದಿದ್ದರೆ ಅನುಮತಿಯ ಪ್ರಶ್ನೆ. ಐಒಎಸ್ 13ರಿಂದ ಚಲನೆಯ ಸಂವೇದಕ ಬಳಸಲು ನೋಡುಗರು ಗುಂಡಿಯೊಂದನ್ನು ಒತ್ತಿ ಒಪ್ಪಿಗೆ ಕೊಡಬೇಕು, ಪುಟ ಎಚ್‌ಟಿಟಿಪಿಎಸ್‌ನಲ್ಲಿರಬೇಕು. ಲೋಡ್ ಆದೊಡನೆ ತಾನಾಗಿ ಕೇಳುವ ಕೋಡ್‌ಗೆ ಒಪ್ಪಿಗೆ ಸಿಗದು. ಟೂರ್ ಐಫ್ರೇಮ್ (ಪುಟದೊಳಗೆ ಇನ್ನೊಂದು ಪುಟ ತೋರಿಸುವ ಚೌಕಟ್ಟು) ಒಳಗಿದ್ದರೆ ಹೊರಪುಟದ ಐಫ್ರೇಮ್ ಟ್ಯಾಗ್‌ನಲ್ಲಿ ಪೂರ್ಣಪರದೆ, ಜೈರೊಸ್ಕೋಪ್, ಆಕ್ಸಿಲರೋಮೀಟರ್ ಮೂರಕ್ಕೂ ಅಲೋ ಗುಣ ಬೇಕು.

ಬಣ್ಣ ಪೇಲವವಾಗಿದ್ದರೆ ಫೈಲ್ ಅಡೋಬಿ ಆರ್‌ಜಿಬಿ ಮುಂತಾದ ವಿಶಾಲ ಬಣ್ಣವಲಯದಲ್ಲಿದೆ, ಎಸ್‌ಆರ್‌ಜಿಬಿಗೆ ಪರಿವರ್ತಿಸಿ ಉಳಿಸಿ. ಪ್ರೊಫೈಲ್ ಹೆಸರನ್ನಷ್ಟೇ ಬದಲಿಸಿದರೆ ಸಾಲದು.

ಒಂದೇ ಪುಟದಲ್ಲಿ ಅನೇಕ ಪನೋರಮಾಗಳಿದ್ದು, ಕೆಳಗೆ ಸರಿದಂತೆ ಮೇಲಿನವು ಕಪ್ಪಾಗುತ್ತಿದ್ದರೆ ವೆಬ್‌ಜಿಎಲ್ ಕಾಂಟೆಕ್ಸ್ಟ್‌ಗಳ (ಪ್ರತಿ ವ್ಯೂವರ್ ತನಗಾಗಿ ತೆರೆಯುವ ಚಿತ್ರಣ ಜಾಗ) ಮಿತಿ ಮುಗಿದಿದೆ. ಡೆಸ್ಕ್‌ಟಾಪ್ ಕ್ರೋಮ್‌ನಲ್ಲಿ ಅದು 16. ಮಿತಿ ಮೀರಿದರೆ ಬ್ರೌಸರ್ ಎಲ್ಲಕ್ಕಿಂತ ಹಳೆಯದನ್ನು ಕಿತ್ತುಕೊಂಡು ಕನ್ಸೋಲ್‌ನಲ್ಲಿ ಎಚ್ಚರಿಕೆ ಬರೆಯುತ್ತದೆ. ಪ್ರತಿಯೊಂದಕ್ಕೂ ಸಾಮಾನ್ಯ ಸ್ಥಿರಚಿತ್ರ ಇಟ್ಟು, ಒತ್ತಿದಾಗ ಮಾತ್ರ ವ್ಯೂವರ್ ಹುಟ್ಟಲಿ. ಇನ್ನೊಂದನ್ನು ತೆರೆಯುವಾಗ ಹಿಂದಿನದನ್ನು ಡಿಸ್ಟ್ರಾಯ್ ಕಾರ್ಯದಿಂದ ಪೂರ್ತಿ ಮುಚ್ಚಿ, ಪುಟದಿಂದ ಪೆಟ್ಟಿಗೆ ಅಳಿಸಿದ ಮಾತ್ರಕ್ಕೆ ಕಾಂಟೆಕ್ಸ್ಟ್ ಬಿಡುಗಡೆಯಾಗದು.

ಎಲ್ಲ ಸರಿಪಡಿಸಿದ ಮೇಲೂ ಹಳೆಯ ಚಿತ್ರವೇ ಬರುತ್ತಿದ್ದರೆ ಕ್ಯಾಶ್ ಅನ್ನು ದೂರಿ ಪ್ರಯೋಜನವಿಲ್ಲ. ತಿದ್ದಿದ ಫೈಲಿಗೆ ಹೊಸ ಹೆಸರು ಕೊಟ್ಟು ಸಂರಚನೆಯಲ್ಲೂ ಬದಲಿಸಿ. ನಿಮ್ಮ ಬ್ರೌಸರ್‌ನಲ್ಲಿ ಕ್ಯಾಶ್ ಅಳಿಸಿದರೆ ನಿಮಗೊಬ್ಬರಿಗೆ ಸರಿಯಾಗುತ್ತದೆ. ನಿನ್ನೆ ಪುಟ ನೋಡಿ ಹೋದವರಿಗೂ ಸಿಡಿಎನ್‌ಗೂ ಹೊಸ ಹೆಸರೇ ಬೇಕು. ತುಣುಕು ಮಾಡಿದ ಚಿತ್ರವಾದರೆ ಇಡೀ ಫೋಲ್ಡರ್‌ನ ಹೆಸರು ಬದಲಿಸಿ, ಇಲ್ಲದಿದ್ದರೆ ಹಳೆಯ ತುಣುಕು ಹೊಸ ತುಣುಕುಗಳು ಒಂದೇ ಗೋಡೆಯ ಮೇಲೆ ಬೆರೆತು ಕಾಣಿಸಿಕೊಳ್ಳುತ್ತವೆ.